ಅಮ್ಮನ ನಾಲ್ಕನೆಯ ಸೆಟ್ಟು

ಏಪ್ರಿಲ್ 4, ಶುಕ್ರವಾರ. ಮಧ್ಯಾಹ್ನ 3.40

ಟೀ ಬ್ರೇಕ್. ಇವತ್ತು ಒಂಬತ್ತು ಹಲ್ಲಿನ ಸೆಟ್ಟು ಹೊರಗೆ ಹೋದವು. ಮೂರು ಪೂರ್ತಿ, ನಾಲ್ಕು ಮೇಲಿನವು ಮಾತ್ರ, ಎರಡು ರಿಪೇರಿ. ರಿಪೇರಿಗೆ ಬಂದದ್ದರಲ್ಲಿ ಒಂದನ್ನು ನಾಯಿ ಕಚ್ಚಿದೆಯಂತೆ. ಹಲ್ಲನ್ನೇ ನಾಯಿ ಕಚ್ಚುವ ಕಾಲ ಬಂತು ಎಂದು ಅಚ್ಚು ಮಾಮ ನಕ್ಕೂ ನಕ್ಕೂ ಪ್ಲಾಸ್ಟರ್ ಚೆಲ್ಲಿದರು. ಮೂವತ್ತು ವರ್ಷದಿಂದ ಲ್ಯಾಬಿನಲ್ಲಿ ಬಾಯಿಗಳ ಅಚ್ಚು ಎರೆಯುತ್ತಿದ್ದಾರೆ, ಅದಕ್ಕೇ ಆ ಹೆಸರು. ನನಗೆ ನಗು ಬರಲಿಲ್ಲ.

ಬೆಂಚಿನ ಮೂಲೆಯಲ್ಲಿ ಅಮ್ಮನ ಅಚ್ಚು ಕೂತಿದೆ. ಮೇಲಿನದೊಂದು, ಕೆಳಗಿನದೊಂದು. ಊರಿಗೆಲ್ಲ ಹಲ್ಲು ಕಟ್ಟುವವಳು ನಾನು. ಡಾಕ್ಟರುಗಳು ಅಳತೆ ಕಳಿಸುತ್ತಾರೆ, ಮೇಣದಲ್ಲಿ ಹಲ್ಲು ಜೋಡಿಸಿ, ಸೆಟ್ಟು ಮಾಡಿ, ಪಾಲಿಶ್ ಹಾಕಿ ಕಳಿಸುತ್ತೇನೆ. ಇಪ್ಪತ್ತೊಂದು ವರ್ಷವಾಯಿತು. ಸರಿಯಿಲ್ಲ ಎಂದು ವಾಪಸ್ ಬಂದವನ್ನು ಬೆರಳಲ್ಲಿ ಎಣಿಸಬಹುದು. ಹೆತ್ತ ತಾಯಿಯ ಬಾಯಿಗೆ ಮಾತ್ರ ಸರಿಯಾದದ್ದೊಂದು ಮಾಡಲಾಗಿಲ್ಲ.

ಸೆಪ್ಟೆಂಬರಿನಲ್ಲಿ ಉಳಿದಿದ್ದ ಹನ್ನೊಂದನ್ನೂ ಕೀಳಿಸಿದೆವು. ಅಂದಿನಿಂದ ಅಮ್ಮ ಯಾರ ಎದುರೂ ಊಟ ಮಾಡಿಲ್ಲ. ತಟ್ಟೆ ಹಿಡಿದು ಅಡುಗೆಮನೆಗೆ ಹೋಗುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ. ಮನೆಯಲ್ಲಿ ಇರುವವರು ನಾವಿಬ್ಬರೇ. ನಾನು ಹೊರಗೆ ಮೇಜಿನ ಮುಂದೆ, ಅವಳು ಒಳಗೆ ಸ್ಟೂಲಿನ ಮೇಲೆ. ಏಳು ತಿಂಗಳು.

ಮೊದಲ ಸೆಟ್ಟು ಡಿಸೆಂಬರಿನಲ್ಲಿ ಮಾಡಿದ್ದೆ. ಎಲ್ಲೋ ಕಳೆದುಹೋಯಿತು ಎಂದಳು. ಎರಡನೆಯದು ನನಗೇ ಸರಿ ಕಾಣಲಿಲ್ಲ, ಒಡೆದು ಹಾಕಿದೆ. ಮೂರನೆಯದು ಈಗ ಬಾಯಲ್ಲಿದೆ. ಹೇಗಿದೆ ಎಂದರೆ "ಚೆನ್ನಾಗಿದೆ ಕಣೇ" ಎನ್ನುತ್ತಾಳೆ. ಚೆನ್ನಾಗಿದ್ದರೆ ಬಾಗಿಲು ಯಾಕೆ?

ಲ್ಯಾಬಿನ ಯಜಮಾನರು ಬಂದರು.

ಏಪ್ರಿಲ್ 5, ಶನಿವಾರ. ಸಂಜೆ 7

ಅಣ್ಣನ ಫೋನು. ಅಣ್ಣ ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುವವನು. ಮನೆ ಊರಿನ ಆ ತುದಿಯಲ್ಲಿ, ಎರಡು ಬಸ್ಸು ಬದಲಾಯಿಸಬೇಕು. ಅಮ್ಮ ಆಗಾಗ ಹೋಗಿ ಎರಡು ದಿನ ಇದ್ದು ಬರುತ್ತಾಳೆ. ಹಲೋ ಕೂಡ ಅನ್ನಲಿಲ್ಲ, ನನಗಿಟ್ಟ ಅಡ್ಡಹೆಸರಿನಿಂದಲೇ ಶುರು.

"ಹಲ್ಲಮ್ಮಾ, ಇಪ್ಪತ್ತಾರನೇ ತಾರೀಕು ಶನಿವಾರ ಬಿಡುವು ಮಾಡ್ಕೋ. ಅಮ್ಮಂಗೆ ಎಪ್ಪತ್ತು ತುಂಬುತ್ತೆ. ರೆಸ್ಟೋರೆಂಟ್ ಒಂದರಲ್ಲಿ, ಟೆರೇಸ್ ಮೇಲೆ ಟೇಬಲ್ ಹೇಳಿದ್ದೀನಿ. ಆರೂವರೆಗೆ ಕೂರೋದು, ಆರೂ ಮುಕ್ಕಾಲಿಗೆ ಸೂಪು, ಏಳೂವರೆಗೆ ಕೇಕು."

"ಈ ಬೇಸಿಗೇಲಿ ಟೆರೇಸ್ ಮೇಲಾ? ನೆಲ ಕಾದು ಹೆಂಚಾಗಿರುತ್ತೆ."

"ಸಂಜೆ ಗಾಳಿ ಬರುತ್ತೆ ಕಣೇ. ಎಲ್ಲಾ ಯೋಚನೆ ಮಾಡಿದ್ದೀನಿ."

"ಅಮ್ಮ ಯಾರೆದುರಿಗೂ ತಿನ್ನಲ್ಲ. ಅದನ್ನ ಯೋಚನೆ ಮಾಡಿದ್ಯಾ?"

ಆ ಕಡೆ ಪಟ್ಟಿಯ ಹಾಳೆ ಮಗುಚುವ ಸದ್ದು. ಆಮೇಲೆ ಹಳೇ ಜೋಕು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಮ್ಮಮ್ಮಂಗೆ ಎರಡೂ ಇದೆ..." ಮುಗಿಸಲಿಲ್ಲ. ಈ ಗಾದೆಯನ್ನು ಕೆಲಸದಲ್ಲಿ ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ. ಹೇಳುವವರೆಲ್ಲ ತಾವೇ ಕಂಡುಹಿಡಿದವರ ಹಾಗೆ ಹೇಳುತ್ತಾರೆ.

ಅಮ್ಮನಿಗೆ ಹೇಳಿದೆ. ದಿಂಬಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದಳು. "ಬರ್ತೀನಿ" ಎಂದಳು. ಅಷ್ಟೇ. ಗಾಬರಿಯಾದದ್ದು ನನಗೆ. ಮೂರನೆಯ ಸೆಟ್ಟಿನಲ್ಲಿ ಕೆಳಗಿನದು ಸ್ವಲ್ಪ ಸಡಿಲ, ನನಗೆ ಗೊತ್ತು. ಎಲ್ಲರೆದುರು ಎದ್ದು ಬಂದರೆ? ಈ ಜನ್ಮದಲ್ಲಿ ಇನ್ನು ಮೇಜಿಗೆ ಬರುವುದಿಲ್ಲ ಅವಳು.

ಮೂರು ವಾರ ಇದೆ. ಇನ್ನೊಂದು ಮಾಡುತ್ತೇನೆ. ಕೂದಲೆಳೆಯಷ್ಟೂ ತಪ್ಪಿರಬಾರದು. ಅವತ್ತು ಎಲ್ಲರ ಜೊತೆ ಕೂತು ತಿಂದರೆ ಸಾಕು, ಮರುದಿನದಿಂದ ನನ್ನ ಜೊತೆಯೂ ಕೂರುತ್ತಾಳೆ. ಅಮ್ಮನ ಎದುರು ಕೂತು ಒಂದು ಹೊತ್ತು ಊಟ. ಬೇರೇನೂ ಬೇಡ ನನಗೆ.

ಏಪ್ರಿಲ್ 9, ಬುಧವಾರ

ಅರ್ಧ ದಿನ ರಜೆ. ಅಮ್ಮನನ್ನು ಡಾಕ್ಟರಮ್ಮನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ, ಅಳತೆ ಕೊಡಿಸಲು. ನಾಲ್ಕನೆಯ ಸಲ. ಡಾಕ್ಟರಮ್ಮ ಮೂರನೆಯ ಸೆಟ್ಟನ್ನು ಹಾಕಿಸಿ, ತೆಗೆಸಿ, ಮತ್ತೆ ಹಾಕಿಸಿ ನೋಡಿದರು.

"ಇದಕ್ಕೇನಾಗಿದೆ? ಚೆನ್ನಾಗೇ ಕೂತಿದೆಯಲ್ಲ."

"ಕೆಳಗಿನದು ಏಳುತ್ತೆ ಡಾಕ್ಟ್ರೇ."

"ಎಲ್ಲರದ್ದೂ ಅಷ್ಟು ಏಳುತ್ತೆ. ನಿಮ್ಮಮ್ಮನ ಹತ್ರ ಕಂಪ್ಲೇಂಟ್ ಇಲ್ಲ. ಕಂಪ್ಲೇಂಟ್ ಇರೋದು ನಿಮ್ಮ ಹತ್ರ."

ಮೈ ಉರಿಯಿತು. ಅವರು ಕಳಿಸುವ ಅಳತೆಗಳಲ್ಲಿ ಗಾಳಿಗುಳ್ಳೆ ಇರುತ್ತದೆ, ಎಷ್ಟು ಸಲ ಬಾಯಿ ಮುಚ್ಚಿಕೊಂಡು ಸರಿಮಾಡಿದ್ದೇನೆ. ಇನ್ನೊಮ್ಮೆ ಅಳತೆ ತೆಗೆಯಿರಿ ಎಂದೆ. ಅಳತೆ ತೆಗೆದುಕೊಟ್ಟರು.

ಮನೆಗೆ ಬಂದ ಮೇಲೆ ಮೂರನೆಯ ಸೆಟ್ಟನ್ನು ಇಸಿದುಕೊಂಡೆ. ಹಲ್ಲು ತಪ್ಪಾಗಿ ಕಚ್ಚುವುದಕ್ಕೆ ದವಡೆ ಒಗ್ಗಿಬಿಡಬಾರದು. ವಿಶ್ರಾಂತಿ ಬೇಕು.

"ಅಲ್ಲೀತನಕ ಏನು ತಿನ್ಲಿ?"

"ಹತ್ತು ಹನ್ನೆರಡು ದಿನ ಅಮ್ಮಾ. ಗಂಜಿ, ಸೂಪು, ಬಾಳೆಹಣ್ಣು."

ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮಾಡು. ಬಾಯಿ ನಿಂದೇ ತಾನೆ."

ತಮಾಷೆ ಎಂದುಕೊಂಡು ನಕ್ಕೆ.

ಏಪ್ರಿಲ್ 13, ಭಾನುವಾರ. ಬೆಳಗ್ಗೆ

ಮೇಣದ ಸೆಟ್ಟನ್ನು ಮನೆಯಲ್ಲೇ ಬಾಯಿಗಿಟ್ಟು ನೋಡಿದೆ. ಡಾಕ್ಟರಮ್ಮನಿಗೆ ಗೊತ್ತಾದರೆ ಬೈಯುತ್ತಾರೆ. ಕಿಟಕಿಯ ಪಕ್ಕ ಕೂರಿಸಿ, ಎಲ್ಲರಿಂದಲೂ ಹೇಳಿಸುವುದನ್ನೇ ಹೇಳಿಸಿದೆ. ಸಾಸಿವೆ. ಸಂತೆ. ಸಿಂಹಾಸನ.

"ಸಾಸಿವೆ ಸಂತೆಗೆ ಹೋಯ್ತು, ಸಿಂಹಾಸನ ಸಿಗಲಿಲ್ಲ" ಎಂದಳು ಅಮ್ಮ. ಸ-ಕಾರ ಒಂದೂ ಸಿಳ್ಳೆ ಹೊಡೆಯಲಿಲ್ಲ. ಆದರೂ ಇನ್ನೊಮ್ಮೆ ಹೇಳಿಸಿದೆ. ಮತ್ತೊಮ್ಮೆ. ಏಳನೆಯ ಸಲಕ್ಕೆ ಮೇಣ ಮೆತ್ತಗಾಯಿತು, ಬಾಯಿಯ ಬಿಸಿಗೆ. "ಸಾಕು ಕಣೇ, ಕತ್ತು ನೋಯುತ್ತೆ" ಎಂದಳು. ಇನ್ನೊಂದೇ ಸಲ ಎಂದೆ. ಹೇಳಿದಳು.

ಗಂಜಿ ಹಿಡಿದು ಒಳಗೆ ಹೋದಳು. ಬಾಗಿಲು.

ಏಪ್ರಿಲ್ 22, ಮಂಗಳವಾರ. ಸಂಜೆ 6

ಒಂಬತ್ತು ದಿನ ಬರೆದಿಲ್ಲ. ಲ್ಯಾಬಿನ ಕೆಲಸ ಮುಗಿದ ಮೇಲೆ ದಿನಾ ಒಂದೂವರೆ ಗಂಟೆ ಅಮ್ಮನ ಸೆಟ್ಟಿಗೆ. ಒಸಡಿನ ಬಣ್ಣ ಒಂದೇ ಥರ ಇರಬಾರದೆಂದು ಮೂರು ಗುಲಾಬಿ ಬೆರೆಸಿದೆ. ಅಂಗುಳಿನ ಗೆರೆಗಳನ್ನು ಒಂದೊಂದಾಗಿ ಕೆತ್ತಿದೆ. ಯಾರೂ ನೋಡದ ಜಾಗ ಅದು. ಅಚ್ಚು ಮಾಮ ಭೂತಗನ್ನಡಿ ಹಿಡಿದು ನೋಡಿ "ಇದನ್ನ ಹಾಕ್ಕೊಳ್ಳೋದಲ್ಲ ಕಣಮ್ಮ, ಗೋಡೆಗೆ ನೇತು ಹಾಕೋದು" ಎಂದರು. ನನ್ನ ಕೈಯಿಂದ ಇಷ್ಟು ಒಳ್ಳೆಯದು ಇದುವರೆಗೆ ಬಂದಿಲ್ಲ.

ಇವತ್ತು ತಂದು ಕೊಟ್ಟೆ. ಅಮ್ಮ ಇಳಿದುಹೋಗಿದ್ದಾಳೆ, ಹದಿಮೂರು ದಿನದ ಗಂಜಿಗೆ ಬಳೆ ಮೊಣಕೈವರೆಗೆ ಜಾರುತ್ತಿದೆ. ಹಾಕಿಕೊಂಡಳು. ಕನ್ನಡಿ ನೋಡಿದಳು.

"ಚೆನ್ನಾಗಿದೆ ಕಣೇ."

ಅದೇ ದನಿ. ಅದೇ ಮಾತು. ತಟ್ಟೆ ತೆಗೆದುಕೊಂಡು ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು. ನಾನು ಬಾಗಿಲಿಗೆ ಕಿವಿಯಿಟ್ಟು ನಿಂತೆ. ನಾಚಿಕೆಯಾಗಬೇಕು. ಅಗಿಯುವ ಸದ್ದು ಕೇಳಿಸಿತು, ಒಂದು, ಎರಡು, ಮೂರು... ಹದಿನಾಲ್ಕಕ್ಕೆ ನಿಂತಿತು. "ಬಾಗಿಲ ಹತ್ರ ನಿಂತಿದ್ದೀಯಾ?" ಎಂದಳು ಒಳಗಿನಿಂದ. ಇಲ್ಲ ಎಂದೆ, ಬಾಗಿಲ ಹತ್ತಿರದಿಂದಲೇ.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ಬೇರೆ ಯಾರಾದರೂ ಮಾಡಿದ್ದರೆ ತಲೆಯ ಮೇಲೆ ಹೊತ್ತು ಮೆರೆಯುತ್ತಿದ್ದಳು.

ಏಪ್ರಿಲ್ 25, ಶುಕ್ರವಾರ

ಅತ್ತಿಗೆಯ ಫೋನು. "ಹೊಸ ಸೆಟ್ಟು ಇನ್ನೂ ಒಗ್ಗಿರಲ್ಲ ಅಂತ ರೆಸ್ಟೋರೆಂಟಿನವರಿಗೆ ಮೊದಲೇ ಹೇಳಿದ್ದೀನಿ. ಅತ್ತೆಯವರಿಗೆ ಅಂತ ಬೇರೆ ಮಾಡಿಸ್ತಾರೆ, ಎಲ್ಲಾ ಮೆತ್ತಗೆ, ಅಗಿಯೋದೇ ಬೇಡ."

ಒಳ್ಳೆಯವರು, ಅದೇ ತೊಂದರೆ. ಎರಡು ವಾರ ಕಣ್ಣು ಕಿತ್ತುಹೋಗುವ ಹಾಗೆ ಕೂತು ಹಲ್ಲು ಮಾಡಿದ್ದು ಅಗಿಯುವುದು ಬೇಡ ಎಂದು ಹೇಳಿಸಿಕೊಳ್ಳಲಿಕ್ಕೆ. "ಸರಿ ಅತ್ತಿಗೆ" ಎಂದೆ.

ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ: ಸಣ್ಣ ಅರ, ನೀಲಿ ಕಾಗದದ ಪುಸ್ತಕ, ಹಳೆಯ ಟವೆಲ್ ತುಂಡು. ಸೆಟ್ಟಿನಲ್ಲಿ ಎಲ್ಲಿ ಹೆಚ್ಚು ತಾಗುತ್ತಿದೆ ಎಂದು ನೋಡಲು ಹಲ್ಲಿನ ನಡುವೆ ಆ ನೀಲಿ ಕಾಗದ ಇಟ್ಟು ಕಚ್ಚಿಸುತ್ತೇವೆ. ತಾಗಿದ ಕಡೆ ಬಣ್ಣ ಕೂರುತ್ತದೆ, ಅಲ್ಲಿ ಅರದಿಂದ ಉಜ್ಜಿದರೆ ಮುಗಿಯಿತು. ಬೇಕಾಗಲಾರದು. ಇರಲಿ.

ಏಪ್ರಿಲ್ 27, ಭಾನುವಾರ. ಬೆಳಗ್ಗೆ 6

ನಿನ್ನೆಯದನ್ನು ಇದ್ದ ಹಾಗೇ ಬರೆದಿಡಬೇಕು. ಇಲ್ಲದಿದ್ದರೆ ನನಗೆ ಬೇಕಾದ ಹಾಗೆ ತಿದ್ದಿಕೊಂಡುಬಿಡುತ್ತೇನೆ.

ಆರೂವರೆಗೆ ಸರಿಯಾಗಿ ಕೂತೆವು. ಮೂರನೆಯ ಮಹಡಿಯ ಮೇಲೆ. ಗಾಳಿ ಇತ್ತು, ಆದರೆ ಅದು ಎರಡು ಸ್ಟ್ಯಾಂಡ್ ಫ್ಯಾನಿನದು. ಕಾಗದದ ನ್ಯಾಪ್ಕಿನ್‌ಗಳೆಲ್ಲ ಹಾರಿ ಪಕ್ಕದ ಟೇಬಲ್ಲಿಗೆ ಹೋದವು. ಟೈಲ್ಸಿನ ಬಿಸಿ ಚಪ್ಪಲಿ ದಾಟಿ ಬರುತ್ತಿತ್ತು. ಅಣ್ಣ ಜೇಬಿನಿಂದ ವೇಳಾಪಟ್ಟಿ ತೆಗೆದು ಲೋಟದ ಕೆಳಗೆ ಇಟ್ಟ. ಅವನ ಮಗಳು, ನಾವೆಲ್ಲ ಚೂಟಿ ಎನ್ನುವವಳು, ಹದಿನೈದು ವರ್ಷ, ಫೋನಿನಿಂದ ತಲೆಯೆತ್ತದೆ ಹೇಳಿದಳು, "ಅಪ್ಪಾ, ನಗೋಕೆ ಎಷ್ಟು ಗಂಟೆಗೆ ಅಂತ ಹಾಕಿದ್ದೀರ?"

ಅಮ್ಮ ನನ್ನ ಎದುರಿಗೆ. ನಾನೇ ಆ ಕುರ್ಚಿ ಆರಿಸಿಕೊಂಡದ್ದು.

ವೇಟರ್ ಬಂದರು, ವಯಸ್ಸಾದವರು. "ಅಗಿಯೋಕಾಗದವರ ಊಟ ಯಾರಿಗೆ?" ಅವರ ತಪ್ಪಲ್ಲ, ಚೀಟಿಯಲ್ಲಿ ಹಾಗೇ ಬರೆದಿತ್ತು. ಅತ್ತಿಗೆ ಕೈಯೆತ್ತಿ ಅಮ್ಮನನ್ನು ತೋರಿಸಿದರು. ಅಮ್ಮ ಹಿಂದೆ ತಿರುಗಿ ನೋಡಿದಳು, ತನ್ನ ಹಿಂದೆ ಇನ್ಯಾರೋ ಇರಬಹುದು ಎಂಬ ಹಾಗೆ. ಆಮೇಲೆ, "ನನಗಲ್ಲ. ನನಗೆ ಸುಟ್ಟ ಜೋಳ, ಗರಿಗರಿ ಬ್ರೆಡ್ಡು."

ಅಣ್ಣ ಚಪ್ಪಾಳೆ ತಟ್ಟಿದ. ನಾನು ಮುಂದಕ್ಕೆ ಬಾಗಿದೆ. "ಅಮ್ಮಾ, ಜೋಳ ಬೇಡ. ಮುಂದಿನ ಹಲ್ಲಲ್ಲಿ ಕಚ್ಚಿದ್ರೆ ಹಿಂದೆ ಎದ್ದುಬಿಡುತ್ತೆ."

"ತರಲಿ" ಎಂದಳು.

ಮೊದಲು ಬ್ರೆಡ್ಡು ಬಂತು. ತಿಂದಳು. ಏಳು ತಿಂಗಳ ಮೇಲೆ ಅಮ್ಮ ಒಂದು ಮೇಜಿನ ಮುಂದೆ ಕೂತು ತಿಂದಳು. ಎಲ್ಲರೂ ಮಾತಾಡುತ್ತಿದ್ದರು, ಅಣ್ಣ ಯಾವುದೋ ಡ್ರೈವರ್ ದಾರಿ ತಪ್ಪಿ ಬಸ್ಸನ್ನು ಮದುವೆ ಮನೆಗೆ ನುಗ್ಗಿಸಿದ ಕಥೆ ಹೇಳುತ್ತಿದ್ದ, ಅಮ್ಮ ನಗುತ್ತ ಅಗಿಯುತ್ತಿದ್ದಳು. ನಾನು ಕೇಳಿದ್ದು ಅದೇ. ಅಲ್ಲಿಗೆ ಸುಮ್ಮನಾಗಬೇಕಿತ್ತು. ಎದ್ದು ಹೋಗಿ ಆಕಾಶ ನೋಡಿಕೊಂಡಿದ್ದರೂ ಆಗುತ್ತಿತ್ತು.

ಆದರೆ ಬಲಗಡೆಯಲ್ಲೇ ಅಗಿಯುತ್ತಿದ್ದಳು. ಮೂರು ತುತ್ತು ಎಣಿಸಿದೆ, ಮೂರೂ ಬಲಗಡೆ. ನಾಲ್ಕನೆಯದಕ್ಕೆ ಎಡಗಡೆ ಹೋಗಿ, ನಿಂತು, ಬಲಕ್ಕೆ ಬಂದಳು.

"ಎಡಗಡೆ ತಾಗ್ತಿದೆಯಾ?"

"ಇಲ್ಲ."

"ತಾಗ್ತಿದೆ. ಬಲಗಡೆಯಲ್ಲೇ ಅಗೀತಿದ್ದೀಯ."

"ನೀನು ತಿನ್ನು."

ನನ್ನ ಸೂಪಿನ ಮೇಲೆ ಕೆನೆ ಕಟ್ಟಿತ್ತು. ಪರ್ಸು ತೆಗೆದೆ. ನೀಲಿ ಕಾಗದದ ಎರಡು ಹಾಳೆ ಹರಿದು, ನ್ಯಾಪ್ಕಿನ್ನಿನಲ್ಲಿ ಮುಚ್ಚಿ, ಮೇಜಿನ ಮೇಲಿಂದ ಅವಳ ಕಡೆ ಸರಿಸಿದೆ. "ಒಂದೇ ಸಲ ಕಚ್ಚಮ್ಮ. ಯಾರೂ ನೋಡಲ್ಲ. ಎಲ್ಲಿ ಅಂತ ಗೊತ್ತಾದ್ರೆ ಅಲ್ಲಿ ವಾಶ್‌ಬೇಸಿನ್ ಹತ್ರ ಎರಡೇ ನಿಮಿಷದ ಕೆಲಸ."

ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ನ್ಯಾಪ್ಕಿನ್ ಬಾಯಿಗಿಟ್ಟುಕೊಂಡು ಕಚ್ಚಿದಳು. ಹಲ್ಲು ಕಟ್ಟಿಸಿಕೊಳ್ಳಲು ಬಂದವರು ಕಚ್ಚುವ ಹಾಗೆ, ವಿಧೇಯವಾಗಿ, ಟಕ್ ಟಕ್ ಎಂದು ಎರಡು ಸಲ.

ಕೊಟ್ಟದ್ದು ದಪ್ಪನೆಯ ಕಾಗದ. ಲ್ಯಾಬಿನಲ್ಲಿ ಪ್ಲಾಸ್ಟರ್ ಅಚ್ಚಿನ ಮೇಲೆ ಬಳಸುವುದು. ಒದ್ದೆ ಬಾಯಿಗೆ ಅದನ್ನು ಹಾಕಬಾರದು, ಬಣ್ಣ ಬಿಡುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ. ಅವಸರದಲ್ಲಿ ಯಾವ ಪುಸ್ತಕ ಪರ್ಸಿಗೆ ಹಾಕಿಕೊಂಡೆ ಎಂದು ನೋಡಿರಲಿಲ್ಲ.

ಅಷ್ಟರಲ್ಲಿ ಕೇಕು. ಏಳೂವರೆ, ಒಂದು ನಿಮಿಷ ಹಿಂದಿಲ್ಲ ಮುಂದಿಲ್ಲ. ಅತ್ತಿಗೆ ಫೋನ್ ಹಿಡಿದು "ಅತ್ತೆ, ಇಲ್ಲಿ ನೋಡಿ, ನಗಿ" ಎಂದರು. ಅಮ್ಮ ನಕ್ಕಳು. ಹಲ್ಲು, ತುಟಿ, ನಾಲಗೆ, ಎಲ್ಲ ನೀಲಿ. ಫೋಟೋ ಬಿತ್ತು.

"ಅಜ್ಜಿ, ಇಂಕ್ ಕುಡಿದ್ರಾ?" ಚೂಟಿ ನಕ್ಕಳು. ಕೆಟ್ಟ ನಗುವಲ್ಲ. ಆದರೆ ಪಕ್ಕದ ಟೇಬಲ್ಲಿನವರೂ ತಿರುಗಿದರು. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಸೆಪ್ಟೆಂಬರಿನಲ್ಲಿ ಹಿಡಿದ ಹಾಗೆ. ಚೂಟಿಗೆ ಪಾಪ ಅನ್ನಿಸಿರಬೇಕು, ಸಮಾಧಾನ ಮಾಡಲು ಹೋದಳು. "ಸ್ಟೀಲ್ ಡಬ್ಬೀಲಿ ಇಟ್ಟುಹೋಗಿದ್ರಲ್ಲ, ಆ ಹಳೇ ಸೆಟ್ ನಾವೇ ತರಬೇಕಿತ್ತು ಅಜ್ಜಿ. ಅದ್ರಲ್ಲಿ ನಮ್ಮನೇಲಿ ಕಡಲೆಕಾಯಿ ಎಲ್ಲಾ ತಿಂದ್ರಲ್ಲ."

ಅತ್ತಿಗೆ ಅವಳ ತೊಡೆ ಚಿವುಟಿದ್ದು ನನಗೆ ಕಾಣಿಸಿತು.

"ಯಾವ ಹಳೇ ಸೆಟ್?" ನನ್ನ ದನಿ ನನಗೇ ಗುರುತು ಹತ್ತಲಿಲ್ಲ. "ಮೊದಲನೇದು ಕಳೆದುಹೋಯ್ತು ಅಂದ್ಯಲ್ಲಮ್ಮ."

ಅಣ್ಣ ವೇಳಾಪಟ್ಟಿ ಓದುತ್ತಿದ್ದ. ಅವನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

ಅಮ್ಮ ನೀರು ಕುಡಿದು, ಒರೆಸಿಕೊಂಡು, ಮೆಲ್ಲಗೆ ಹೇಳಿದಳು. "ಕಳೀಲಿಲ್ಲ. ಸರಿಯಿಲ್ಲ ಅಂದು ನೀನು ಒಡೆದುಬಿಡ್ತೀಯ ಅಂತ ಎತ್ತಿಟ್ಟೆ. ನಿಮ್ಮಣ್ಣನ ಮನೇಲಿ ಯಾರೂ ನನ್ನ ಬಾಯಿ ನೋಡಲ್ಲ. ತಟ್ಟೇಲಿದ್ದಿದ್ದು ಹೊಟ್ಟೆಗೆ ಹೋಗುತ್ತೆ. ನಿನ್ನೆದುರು ಕೂತ್ರೆ ಒಂದೊಂದು ತುತ್ತೂ ಪರೀಕ್ಷೆ."

"ನಿನಗೋಸ್ಕರ ತಾನೆ ಅಮ್ಮಾ..."

"ಗೊತ್ತು. ಅದಕ್ಕೇ ಬಾಯಿ ಬಿಡದೆ ಬಾಗಿಲು ಹಾಕ್ಕೊಂಡೆ. ಏಳು ತಿಂಗಳಾಯ್ತು ನೀನು ನನ್ನ ಮುಖ ನೋಡಿ. ಬರೀ ಬಾಯಿ ನೋಡ್ತೀಯ."

ಆಗ ಜೋಳ ಬಂತು. ಅಮ್ಮ ಕುರ್ಚಿ ತಿರುಗಿಸಿಕೊಂಡಳು, ಟೆರೇಸಿನ ಅಂಚಿನ ಕಟ್ಟೆಯ ಕಡೆಗೆ. ನನಗೆ ಬೆನ್ನು. ಕೇಕಿನ ಚಾಕು ಕೇಳಿ ಇಸಿದುಕೊಂಡು ತೆನೆಯಿಂದ ಕಾಳು ಬಿಡಿಸಿದಳು. ಅಷ್ಟು ಸುಲಭ. ನನಗೆ ಹೊಳೆದಿರಲಿಲ್ಲ. ಇಡೀ ತೆನೆ ತಿಂದಳು, ನಿಧಾನವಾಗಿ, ಕೆಳಗೆ ರಸ್ತೆ ನೋಡುತ್ತ. ನನಗೆ ಕಂಡದ್ದು ಕಿವಿಯ ಹಿಂದೆ ಆಡುತ್ತಿದ್ದ ಒಂದು ನರ.

ಅಲ್ಲಿಂದಲೇ ಅಣ್ಣನ ಜೊತೆ ಹೊರಟಳು. "ನಾಲ್ಕು ದಿನ ಇದ್ದು ಬರ್ತೀನಿ."

ಏಪ್ರಿಲ್ 28, ಸೋಮವಾರ. ಟೀ ಬ್ರೇಕ್

ಸಿಟ್ಟು ಇನ್ನೂ ಇಳಿದಿಲ್ಲ. ನಾನೇನು ಕೊಲೆ ಮಾಡಿದೆನೇ? ತಾಯಿಯ ಬಾಯಿ ನೋಯದಿರಲಿ ಎಂದು ನೋಡಿದರೆ ಅದೂ ತಪ್ಪು. ನೋಡದ ಮಕ್ಕಳು ಒಳ್ಳೆಯವರು. ಅಣ್ಣ ಒಂದು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನಲ್ಲ. ಕಡಲೆಕಾಯಿ ಕೊಡಿಸಿ ಒಳ್ಳೆಯವನಾದ.

ಒಂದು ಕೆಳಗಿನ ಸೆಟ್ಟು ಕೈಜಾರಿ ಬಿದ್ದು ಎರಡಾಯಿತು. ಅಚ್ಚು ಮಾಮ ನೋಡಿಯೂ ನೋಡದವರ ಹಾಗೆ ಇದ್ದರು.

ಮೇ 3, ಶನಿವಾರ

ನಾಲ್ಕು ದಿನ ಏಳಾಯಿತು.

ಮಧ್ಯಾಹ್ನ ಫೋನ್ ಮಾಡಿದೆ. ಅತ್ತಿಗೆ ಎತ್ತಿದರು. "ಅತ್ತೆ ಊಟಕ್ಕೆ ಕೂತಿದ್ದಾರೆ, ಆಮೇಲೆ ಮಾಡಿಸ್ಲಾ?" ಹಿಂದೆ ತಟ್ಟೆ ಲೋಟದ ಸದ್ದು, ಅಮ್ಮನ ದನಿ, ಬಾಯಲ್ಲಿ ಏನೋ ಇಟ್ಟುಕೊಂಡೇ ಮಾತಾಡುತ್ತಿದ್ದಳು. ನಮಗೆಲ್ಲ ಚಿಕ್ಕಂದಿನಲ್ಲಿ ಅದಕ್ಕೇ ಬೈಯುತ್ತಿದ್ದಳು.

ಬೇಡ, ಸುಮ್ಮನೆ ಮಾಡಿದೆ ಎಂದೆ.

ಮೇ 8, ಗುರುವಾರ. ಸಂಜೆ

ಅಚ್ಚು ಮಾಮನಿಗೆ ಎಲ್ಲ ಹೇಳಿಬಿಟ್ಟೆ. ಯಾರಿಗಾದರೂ ಹೇಳಬೇಕಿತ್ತು. ಪ್ಲಾಸ್ಟರ್ ಕಲಸುತ್ತಲೇ ಕೇಳಿಸಿಕೊಂಡರು.

"ಮೂವತ್ತು ವರ್ಷ ಬಾಯಿ ಎರೆದಿದ್ದೀನಿ. ನಮ್ಮನೆಯವಳ ಬಾಯಲ್ಲಿ ಎಷ್ಟು ಹಲ್ಲಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಗೊತ್ತು ಮಾಡ್ಕೊಂಡ್ರೆ ಮನೆಗೆ ಹೋಗಿಯೂ ಡ್ಯೂಟಿ ಮಾಡಬೇಕು."

ನಕ್ಕೆ. ಬಸ್ಸಿನಲ್ಲಿ ಬರುವಾಗ ಅಳು ಬಂತು.

ಬರೆದೇ ಬಿಡುತ್ತೇನೆ. ಅಪ್ಪನ ಕೊನೆಯ ದಿನ ಆಸ್ಪತ್ರೆಯಲ್ಲಿ ನರ್ಸ್ ಅಪ್ಪನ ಸೆಟ್ಟು ತೆಗೆದು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ನಾನೇ ಮಾಡಿದ್ದ ಸೆಟ್ಟು. ಐದು ನಿಮಿಷದಲ್ಲಿ ಮಂಚದ ಮೇಲೆ ಇದ್ದವರು ಬೇರೆ ಯಾರೋ. ಕೆನ್ನೆ ಒಳಗೆ ಹೋಗಿ, ಮೂಗು ಗದ್ದಕ್ಕೆ ಹತ್ತಿರ ಬಂದು. ಸೆಪ್ಟೆಂಬರಿನಲ್ಲಿ ಹಲ್ಲು ಕೀಳಿಸಿ ಕರೆದುಕೊಂಡು ಬರುವಾಗ ಟ್ಯಾಕ್ಸಿಯಲ್ಲಿ ಅಮ್ಮ ನಿದ್ದೆ ಹೋದಳು. ಅದೇ ಮುಖ. ಉಸಿರಾಡುತ್ತಿದ್ದಾಳೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಅವತ್ತಿನಿಂದ ನನಗೆ ಭಯ. ಆ ಮುಖ ಮುಚ್ಚಬೇಕಿತ್ತು. ಎಷ್ಟು ಸರಿಯಾಗಿ ಮುಚ್ಚಿದರೂ ಸಾಲದು. ಅಮ್ಮನ ಮುಖ ನೋಡಲು ಧೈರ್ಯವಿಲ್ಲದೆ ಹಲ್ಲು ನೋಡುತ್ತಿದ್ದೆ.

ಅಮ್ಮನಿಗೆ ಇದು ಗೊತ್ತಿಲ್ಲ. ಹೇಳಿದರೆ ಅವಳೂ ಹೆದರುತ್ತಾಳೆ.

ಮೇ 11, ಭಾನುವಾರ. ಸಂಜೆ 5

ಅಣ್ಣನ ಮನೆಗೆ ಹೋಗಿ ಬಂದೆ. ಹೇಳದೆ ಹೋದದ್ದು. ಪರ್ಸಿನಲ್ಲಿ ಏನೂ ಇಟ್ಟುಕೊಳ್ಳಲಿಲ್ಲ, ಬಸ್ ಪಾಸು, ಕೀ, ಅಷ್ಟೇ.

ಊಟದ ಹೊತ್ತು. ಅಮ್ಮ ಮೇಜಿನ ಮುಂದೆ ಕೂತಿದ್ದಳು, ನನ್ನನ್ನು ಕಂಡು ತಟ್ಟೆ ಸ್ವಲ್ಪ ಹಿಂದಕ್ಕೆ ಸರಿಸಿದಳು. ಎದ್ದು ಹೋಗಲು. ಅದನ್ನು ನೋಡಿ ನಾನೇ ಬಾಗಿಲಲ್ಲಿ ನಿಂತೆ.

"ಅಮ್ಮಾ, ನಾನು ಹೊರಗೆ ಕೂರ್ತೀನಿ. ನೀನು ಮುಗಿಸು."

ಅಣ್ಣ, ಚೂಟಿ ಅಮ್ಮನ ಕಡೆ ನೋಡಿದರು, ಅತ್ತಿಗೆ ಇನ್ನೊಂದು ತಟ್ಟೆ ತರಲು ಎದ್ದರು. ಅಮ್ಮ ಯೋಚಿಸಿದಳು. ಪಕ್ಕದ ಕುರ್ಚಿ ಎಳೆದಳು. "ಇಲ್ಲಿ ಬಾ. ಕನ್ನಡಕ ತೆಗೆದಿಡು."

"ಕನ್ನಡಕ ಇಲ್ದಿದ್ರೆ ನನಗೆ ತಟ್ಟೆಯೂ ಕಾಣಲ್ಲಮ್ಮ."

"ನಾನು ಬಡಿಸ್ತೀನಿ. ತೆಗಿ."

ತೆಗೆದೆ. ಅಣ್ಣ ಒಂದು ಬಿಳಿ ಶರಟಾದ, ಗೋಡೆ ಕರಗಿತು. ಪಕ್ಕದಲ್ಲಿ ಅಮ್ಮ, ಬರೀ ಬಣ್ಣ, ಬರೀ ಬಿಸಿ. ತುತ್ತು ಎತ್ತುವುದು ಗೊತ್ತಾಗುತ್ತಿತ್ತು, ಎಲ್ಲಿ ಅಗಿಯುತ್ತಾಳೆ ಗೊತ್ತಾಗುತ್ತಿರಲಿಲ್ಲ. ಯಾವ ಸೆಟ್ಟು ಹಾಕಿಕೊಂಡಿದ್ದಾಳೆ, ಅದೂ ಗೊತ್ತಿಲ್ಲ. ಕೇಳಲಿಲ್ಲ. ನಾಲಗೆ ಕಚ್ಚಿಕೊಂಡೆ, ನಿಜವಾಗಿ.

ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಹೇಳಿದಳು, "ಚಿಕ್ಕಂದಿನಿಂದ ನೀನು ಎಡಗಡೆಯಲ್ಲೇ ಅಗೀತೀಯ. ನಲವತ್ತು ವರ್ಷದಿಂದ ನೋಡ್ತಿದ್ದೀನಿ. ಒಂದು ದಿನ ಅಂದಿದ್ದೀನಾ?"

ಚೂಟಿ ಮೊದಲು ನಕ್ಕಳು. ಆಮೇಲೆ ಅಣ್ಣ.

ಯಾವಾಗ ಬರುತ್ತೀಯ ಎಂದು ಕೇಳದೆ ಬಂದೆ. ಬರುತ್ತೇನೆ ಎಂದು ಅವಳೂ ಹೇಳಲಿಲ್ಲ.

ಮೇ 15, ಗುರುವಾರ

ಬಂದಳು. ಅಣ್ಣ ಬಸ್ಸು ಹತ್ತಿಸಿ ನಂಬರ್ ಕಳಿಸಿದ್ದ, ಎಷ್ಟು ಗಂಟೆಗೆ ಯಾವ ಸ್ಟಾಪು ಎಲ್ಲ. ಹನ್ನೆರಡು ನಿಮಿಷ ಲೇಟು. ಅವನಿಗೆ ಹೇಳಲಿಲ್ಲ, ಬೇಜಾರು ಮಾಡಿಕೊಳ್ಳುತ್ತಾನೆ.

ಸಂಜೆ ಊಟಕ್ಕೆ ತಟ್ಟೆ ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲವರೆಗೆ ಹೋದಳು. ನಾನು ಕನ್ನಡಕ ತೆಗೆದು ಕಪಾಟಿನ ಮೇಲಿಟ್ಟೆ. ವಾಪಸ್ ಬಂದು ಪಕ್ಕ ಕೂತಳು.

ಮೇ 20, ಮಂಗಳವಾರ

ಕಷ್ಟ. ಬರೆಯಲಿಕ್ಕೂ ನಾಚಿಕೆ, ಆದರೆ ಬಹಳ ಕಷ್ಟ. ಕಣ್ಣು ಮುಚ್ಚಿದರೆ ಕಿವಿ ತೆರೆದುಕೊಳ್ಳುತ್ತದೆ. ಪ್ರತಿ ಮೂರನೆಯ ತುತ್ತಿಗೆ ಒಂದು ಸಣ್ಣ ಟಿಕ್. ಎಡಗಡೆ ಹಿಂದೆ, ಕಾಗದದ ದಪ್ಪದಷ್ಟು ಹೆಚ್ಚಾಗಿದೆ. ಎರಡು ನಿಮಿಷದ ಕೆಲಸ. ಎರಡೇ ನಿಮಿಷ. ಲ್ಯಾಬಿನಲ್ಲಿ ಇಡೀ ದಿನ ಬೇರೆಯವರದ್ದನ್ನು ಉಜ್ಜಿ ಬಂದು ಮನೆಯಲ್ಲಿ ಇದನ್ನು ಕೇಳಿಕೊಂಡು ಕೂರಬೇಕು.

"ಏನೋ ಹೇಳಬೇಕು ಅಂತಿದ್ದೀಯ" ಎಂದಳು.

"ಇಲ್ಲ. ಉಪ್ಪು ಕಮ್ಮಿ."

"ಸರಿಯಾಗೇ ಇದೆ" ಎಂದಳು. ಸರಿಯಾಗೇ ಇತ್ತು.

ಜೂನ್ 1, ಭಾನುವಾರ. ಬೆಳಗ್ಗೆ 9.30

ಬಿಸಿಲು ಇಳಿದೇ ಇಲ್ಲ. ಬೆಳಗ್ಗೆ ಇಬ್ಬರೂ ತಿಂಡಿ ತಿಂದೆವು. ಅಮ್ಮ ಏನು ಮಾತಾಡಿದಳು, ನಾನು ಏನು ಅಂದೆ, ಒಂದೂ ಬರೆದಿಡುವಂಥದ್ದಲ್ಲ. ಪಕ್ಕದ ಮನೆಯವರ ನಲ್ಲಿ ಸೋರುತ್ತಿರುವ ವಿಷಯ. ಈಗ ಬರೆಯಲು ಕೂತಾಗ ಹೊಳೆಯಿತು, ಇವತ್ತು ಟಿಕ್ ಕೇಳಿಸಿತೋ ಇಲ್ಲವೋ ನೆನಪೇ ಇಲ್ಲ. ಗಮನವೇ ಹೋಗಲಿಲ್ಲ. ಇದನ್ನು ಅಚ್ಚು ಮಾಮನಿಗೆ

ಅಮ್ಮ ಬಂದಳು. ಕೋಣೆಯ ಬಾಗಿಲಲ್ಲಿ ನಿಂತಿದ್ದಾಳೆ. "ಎಡಗಡೆ ಹಿಂದೆ ಸ್ವಲ್ಪ ತಾಗುತ್ತೆ ಕಣೇ. ಬಿಡುವಾದಾಗ ನೋಡ್ತೀಯಾ?"

ಹಲ್ಲು ಕೀಳಿಸಿದಂದಿನಿಂದ ಇವತ್ತಿನವರೆಗೆ ಅವಳಾಗಿ ಕೇಳಿದ್ದು ಇದೇ ಮೊದಲು. ಇದೊಂದು ಸಾಲು ಮುಗಿಸಿ ಬರುತ್ತೇನೆ ಎಂದೆ. ಯಾಕೆ ಹಾಗೆಂದೆನೋ. ಅವಳು ಹೋಗಿಲ್ಲ. ಕಿಟಕಿಯ ಬೆಳಕಿಗೆ ಮುಖ ಮಾಡಿಕೊಂಡು, ಕುರ್ಚಿಯಲ್ಲಿ ಕೂತು, ಬಾಯಿ ತೆರೆದು ಕಾಯುತ್ತಿದ್ದಾಳೆ. ಏಳುತ್ತೇನೆ. ಮೊದಲು ಕೈ ತೊಳೆದು